ಹಿಮಸಾರಂಗ ನೋಡೋಕೆ ಹೊರಡೋ ಮುಂಚೆ ಮನೇಲಿ ಆಗಬೇಕಾದ ಮಾತು

ಇವತ್ತಿನ ಮಾತು ಶುರುವಾಗಿದ್ದು ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಲ್ಲಿ.

ಅಕ್ಕ ಇರೋದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. "ಕ್ರಿಸ್‌ಮಸ್ ರಜೆಗೆ ಎಲ್ಲರೂ ಬನ್ನಿ, ಲ್ಯಾಪ್‌ಲ್ಯಾಂಡಿಗೆ ಹೋಗಿ ರೇನ್‌ಡೀರ್ ನೋಡೋಣ" ಅಂದಳು. ಅಣ್ಣನ ಮಗಳು, ಎಂಟು ವರ್ಷದ ಪುಟ್ಟಿ, ಕುಣಿದೇಬಿಟ್ಟಳು. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಬೆಳಕು ಎಷ್ಟು ಹೊತ್ತು ಇರುತ್ತಮ್ಮಾ?"

ಯಾರೂ ಅದನ್ನ ಯೋಚನೆ ಮಾಡಿರಲಿಲ್ಲ! ರೊವಾನಿಯೆಮಿ ಊರು ಆರ್ಕ್‌ಟಿಕ್ ವೃತ್ತದ ಪಕ್ಕದಲ್ಲೇ ಇದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟೋದು ಬೆಳಗ್ಗೆ 11ರ ಸುಮಾರಿಗೆ, ಮುಳುಗೋದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಚಳಿ ಮೈನಸ್ 20ಕ್ಕೂ ಕೆಳಗೆ ಇಳಿಯಬಹುದು. ಮಂಡಿ ನೋವಿರೋ ಅಪ್ಪ ಆ ಕತ್ತಲಲ್ಲಿ ಮಂಜಿನ ಮೇಲೆ ಹೇಗೆ ನಡೀತಾರೆ?

ಕೊನೆಗೆ ಮಾರ್ಚ್ ಕೊನೆ ಅಂತ ತೀರ್ಮಾನ ಮಾಡಿದ್ವಿ. ಪುಟ್ಟಿ ಪರೀಕ್ಷೆ ಮುಗಿದಿರುತ್ತೆ. ಅಲ್ಲಿ ಹಿಮ ಇನ್ನೂ ದಪ್ಪಗೆ ಇರುತ್ತೆ, ಹಗಲೂ 12 ಗಂಟೆಗಿಂತ ಜಾಸ್ತಿ. "ಸಾಂತಾ ಇರಲ್ವಲ್ಲ" ಅಂತ ಪುಟ್ಟಿ ಮುಖ ಸಪ್ಪೆ ಮಾಡಿದಳು. ರೊವಾನಿಯೆಮಿಯ ಸಾಂತಾ ಕ್ಲಾಸ್ ವಿಲೇಜ್ ವರ್ಷಪೂರ್ತಿ ತೆರೆದಿರುತ್ತೆ ಅಂದಮೇಲೆ ಒಪ್ಪಿದಳು. ಇನ್ನೊಂದು ಗುಟ್ಟೂ ಹೇಳಿದೆ. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬು ಬರೋದು ಹಿಮಸಾರಂಗಕ್ಕೆ ಮಾತ್ರ. ದೊಡ್ಡ ಗಂಡುಗಳ ಕೊಂಬು ಚಳಿಗಾಲದ ಶುರುವಲ್ಲೇ ಉದುರುತ್ತೆ, ಹೆಣ್ಣಿನದು ವಸಂತದವರೆಗೂ ಉಳಿಯುತ್ತೆ. "ಹಾಗಾದ್ರೆ ಕೊಂಬಿರೋರೆಲ್ಲ ಹುಡುಗೀರಾ?" ಅಂತ ಅವಳಿಗೆ ಖುಷಿಯೋ ಖುಷಿ.

ಈಗ ಖರ್ಚಿನ ಲೆಕ್ಕ. ಶೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಹೊರಡೋಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಬಿಡಬೇಡಿ. ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲಿದೆ, ಮಲಗೋ ಕ್ಯಾಬಿನ್ ಸಿಗುತ್ತೆ. ಅಪ್ಪನ ಮಂಡಿಗೆ ಅದೇ ಸರಿ. ಒಂದು ಮಾತು, ಚಳಿಗೆ ಫೋನ್ ಬ್ಯಾಟರಿ ಬೇಗ ಖಾಲಿಯಾಗುತ್ತೆ. ಒಳಗಿನ ಜೇಬಲ್ಲೇ ಇಟ್ಕೊಳ್ಳಿ.

ಆದ್ರೆ ನಿಜವಾದ ಚರ್ಚೆ ಆಗಿದ್ದು ಆಮೇಲೆ. ಲ್ಯಾಪ್‌ಲ್ಯಾಂಡಿನ ರಸ್ತೆ ಬದಿಯಲ್ಲಿ ತಿರುಗಾಡೋ ಹಿಮಸಾರಂಗ ಕಾಡುಪ್ರಾಣಿ ಅಲ್ಲ. ಪ್ರತಿಯೊಂದಕ್ಕೂ ಒಬ್ಬ ಮಾಲೀಕ ಇರ್ತಾನೆ. ಯಾರದ್ದು ಅಂತ ಗೊತ್ತಾಗೋಕೆ ಕಿವಿ ಕತ್ತರಿಸಿ ಗುರುತು ಮಾಡಿರ್ತಾರೆ. "ನಿಮ್ಮ ಹತ್ರ ಎಷ್ಟು ಹಿಮಸಾರಂಗ ಇವೆ?" ಅಂತ ಅವರನ್ನ ಕೇಳಬಾರದು. ನಮ್ಮಲ್ಲಿ ಬ್ಯಾಂಕಲ್ಲಿ ಎಷ್ಟಿದೆ ಅಂತ ಕೇಳಿದ ಹಾಗೆ ಅದು.

ಸಾಮಿ ಜನರಿಗೂ ಅಲ್ಲಿನ ಬೇರೆ ಸಾಕಣೆದಾರರಿಗೂ ಇದು ಜೀವನ. ಪ್ರವಾಸಿಗರಿಂದ ಬರೋ ದುಡ್ಡು ಜೊತೆಗಿನ ಆದಾಯ, ಸಾಕೋದು ಮುಖ್ಯವಾಗಿ ಮಾಂಸಕ್ಕೆ. ಬೆಳಗ್ಗೆ ಪುಟ್ಟಿ ಕಲ್ಲುಹೂವು ತಿನ್ನಿಸಿದ ಪ್ರಾಣಿಯ ಹೆಸರೇ ರಾತ್ರಿ ಹೋಟೆಲಿನ ಮೆನುವಿನಲ್ಲಿ ಇರುತ್ತೆ. ನಮ್ಮದು ಸಸ್ಯಾಹಾರಿ ಮನೆ. ಅವಳು ಕೇಳಿದರೆ ಏನು ಹೇಳೋದು?

ಅಣ್ಣ "ಮೆನು ಅವಳ ಕೈಗೆ ಕೊಡೋದೇ ಬೇಡ" ಅಂದ. ಅಮ್ಮ ಒಪ್ಪಲಿಲ್ಲ. "ಮುಚ್ಚಿಡಬೇಡ ಕಣೋ. ಅಲ್ಲಿ ಭತ್ತ ಬೆಳೆಯಲ್ಲ, ರಾಗಿ ಬೆಳೆಯಲ್ಲ. ಅವರು ಬದುಕಿದ್ದೇ ಇದರಿಂದ ಅಂತ ಇಲ್ಲೇ ಕೂತು ಹೇಳೋಣ. ನಾವು ತಿನ್ನಲ್ಲ, ಹಾಗಂತ ಅವರ ಮುಂದೆ ಮುಖ ಸಿಂಡರಿಸೋದೂ ಇಲ್ಲ" ಅಂದರು.

ಮೊನ್ನೆ ಭಾನುವಾರ ಹೇಳಿದ್ವಿ. ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆದ್ರೂ ನಾನು ಅದಕ್ಕೆ ತಿನ್ನಿಸಬಹುದಲ್ವಾ ಅಜ್ಜಿ?" ಅಂದಳು.

ತಿನ್ನಿಸಬಹುದು. ಅದಾದ ಮೇಲೇ ನಾವು ಟಿಕೆಟ್ ಬುಕ್ ಮಾಡಿದ್ದು.

ನಿಮ್ಮ ಮನೇಲಿ ಇಂಥ ಮಾತು ಬಂದಾಗ ಮಕ್ಕಳಿಗೆ ಏನು ಹೇಳಿದ್ರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.