ಗಾಡಿ ಇಳಿಸೋ ಮುಂಚೆ ಒಂದ್ಸಲ ಬಗ್ಗಿ ಕೆಳಗೆ ನೋಡಿ

ಇವತ್ತಿನ ಎಪಿಸೋಡ್ ನಮ್ಮ ಮನೆಯದೇ ವಿಷಯ.

ಚಳ್ಳಕೆರೆ ಕಡೆ ಇರೋ ನಮ್ಮ ಸೋದರಮಾವನ ಮಗ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡ. ಸಾಲದ ಗಾಡಿ. ಶೇಂಗಾ, ಈರುಳ್ಳಿ, ಏನು ಸಿಕ್ಕಿದ್ರೂ ಬಾಡಿಗೆ ಹೊಡೀತಿದ್ದ. ರೀಲ್ಸ್ ನೋಡಿ ಆಸೆಯಾಯ್ತು. ಹಿಂದಿನ ಲೀಫ್ ಸ್ಪ್ರಿಂಗ್‌ನಲ್ಲಿ ಎರಡು ಪಟ್ಟಿ ತೆಗೆಸಿ, ಮುಂದೇನೂ ತಗ್ಗಿಸಿ ಗಾಡಿ ಇಳಿಸಿದ. "ಭಾವ, ನೆಲಕ್ಕೆ ಅಂಟ್ಕೊಂಡಂಗೆ ಹೋಗುತ್ತೆ ನೋಡು" ಅಂತ ವಿಡಿಯೋ ಕಳಿಸಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಕಾಣ್ತಿತ್ತು. ನಾನೂ ಲೈಕ್ ಒತ್ತಿದೆ.

ಚಳ್ಳಕೆರೆಯಿಂದ ಹಾನಗಲ್‌ವರೆಗೆ 150ಎ ಹೆದ್ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ. ಆದ್ರೆ ಈರುಳ್ಳಿ ಹೆದ್ದಾರಿ ಮೇಲೆ ಬೆಳೆಯಲ್ವಲ್ಲ! ಮೊಳಕಾಲ್ಮುರು ಕಡೆ ಒಂದು ಹೊಲದಿಂದ ಲೋಡ್ ತುಂಬಿಕೊಂಡು ಬರ್ತಿದ್ದ. ಮಣ್ಣು ದಾರಿ, ಎರಡೂ ಕಡೆ ಟ್ರ್ಯಾಕ್ಟರ್ ಚಕ್ರದ ಜಾಡು, ನಡುವೆ ದಿಣ್ಣೆ. ಆ ದಿಣ್ಣೆಯಲ್ಲಿದ್ದ ಕಲ್ಲು ಎಂಜಿನ್ ಕೆಳಗಿನ ಆಯಿಲ್ ಸಂಪ್‌ಗೆ ಬಡೀತು. ಹಾಡು ಜೋರಾಗಿತ್ತು, ಕೇಳಿಸಲಿಲ್ಲ. ಹೆದ್ದಾರಿಗೆ ಬಂದ ಮೇಲೆ ಆಯಿಲ್ ಲೈಟ್ ಹತ್ತಿದೆ. "ಊರು ಹತ್ರ ಬಂತಲ್ಲ" ಅಂತ ಹಾಗೇ ಓಡಿಸಿದ. ಎಂಜಿನ್ ಸೀಜ್ ಆಯ್ತು.

ನಾನು ಬಿ.ಕಾಂ., ಮೆಕ್ಯಾನಿಕ್ ಅಲ್ಲ. ಆದ್ರೆ ಆಮೇಲೆ ಗ್ಯಾರೇಜಲ್ಲಿ ಕೂತು ಕಲಿತದ್ದು ಇಷ್ಟು. ಚಾಸಿಗೂ ಆಕ್ಸಲ್‌ಗೂ ನಡುವೆ ಇರೋ ಜಾಗ ಸುಮ್ನೆ ಖಾಲಿ ಬಿಟ್ಟಿದ್ದಲ್ಲ. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕೆಲಸ ಮಾಡೋದೇ ಅಲ್ಲಿ. ಪಟ್ಟಿ ತೆಗೆದ್ರೆ ಉಳಿದ ಪಟ್ಟಿಗಳ ಮೇಲೆ ಅಷ್ಟೂ ಭಾರ. ಲೋಡ್ ಹಾಕಿದ ಕೂಡಲೇ ಚಾಸಿ ರಬ್ಬರ್ ಸ್ಟಾಪ್ ಮೇಲೆ ಕೂರುತ್ತೆ, ಮುಂದಿನ ಏಟೆಲ್ಲ ನೇರ ಚಾಸಿಗೆ. ಮುಖ್ಯ ಪಟ್ಟಿ ಮುರಿದ್ರೆ ಆಕ್ಸಲ್ ಜರುಗಿ ಗಾಡಿ ಒಂದು ಕಡೆ ಎಳೆಯುತ್ತೆ.

ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ತಗ್ಗಿದೆ ಅಂತ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಬಿಡೋ ವಾಲ್ವ್ ಇರುತ್ತೆ. ಗಾಡಿ ಇಳಿಸಿ ಅದನ್ನ ಮತ್ತೆ ಹೊಂದಿಸದಿದ್ರೆ, ಖಾಲಿ ಗಾಡಿನೂ ಅದಕ್ಕೆ ಲೋಡ್ ಗಾಡಿ. ಜೋರಾಗಿ ಬ್ರೇಕ್ ಹಿಡಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಬಹುದು. ಎಂಜಿನ್ ಹೋದ್ರೆ ದುಡ್ಡು ಹೋಯ್ತು. ಇಲ್ಲಿ ಹೋಗೋದು ಜೀವ.

ಹಂಪ್‌ಗಳ ಕಥೆ ನಿಮಗೇ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್‌ಗೂ ಒಂದು ಅಳತೆ ಇರಬೇಕು. ನಮ್ಮ ಊರ ಮುಂದೆ ರಾತ್ರೋರಾತ್ರಿ ಏಳೋ ಹಂಪ್‌ಗೆ ಯಾವ ಅಳತೆ?

ಈಗ ಲೆಕ್ಕಕ್ಕೆ ಬರ್ತೀನಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ತಿದ್ದುಪಡಿ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ವಿಮೆಯವರಿಗೆ ತಿಳಿಸದೆ ಮಾಡಿಸಿದ್ರೆ ಕ್ಲೇಮೂ ಕಷ್ಟ. ಎಂಜಿನ್ ಕೆಲಸದ ಖರ್ಚು, ನಿಂತ ದಿನಗಳ ಬಾಡಿಗೆ, ನಿಲ್ಲದ ಇಎಂಐ. ಮೂರೂ ಮಾವನ ತಲೆ ಮೇಲೇ ಬಂತು.

ಈಗಾಗಲೇ ಇಳಿಸಿದ್ರೆ ಮೂಲ ಪಟ್ಟಿ ವಾಪಸ್ ಹಾಕಿಸಿ, ಬ್ರೇಕ್ ಚೆಕ್ ಮಾಡಿಸಿ. ಏನಾದ್ರೂ ತಾಗಿದ ಸದ್ದು ಬಂದ್ರೆ ಇಳಿದು ಕೆಳಗೆ ನೋಡಿ. ಆಯಿಲ್ ಲೈಟ್ ಹತ್ತಿದ್ರೆ ಅಲ್ಲೇ ಆಫ್ ಮಾಡಿ, ಊರು ಎಷ್ಟೇ ಹತ್ರ ಇರಲಿ.

ನಮ್ಮ ಹುಡುಗನ ಗಾಡಿ ಈಗ ಮತ್ತೆ ಎತ್ತರಕ್ಕೆ ನಿಂತಿದೆ. ಆ ವಿಡಿಯೋ ಅವನೇ ಡಿಲೀಟ್ ಮಾಡಿದ. ನನ್ನ ಲೈಕೂ ಅದರ ಜೊತೆ ಹೋಯ್ತು, ಒಳ್ಳೇದಾಯ್ತು. ನಿಮ್ಮ ಕಡೆ ಹೀಗೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.