ಉರುಳಿಗೆ ಕಣ್ಣಿಲ್ಲ
(ಬಾನುಲಿ ಭಾಷಣ)

ಬೇಸಗೆಯ ರಜೆಗೆ ಬಂದಿದ್ದ ನನ್ನ ಮೊಮ್ಮಗ ಒಂದು ಸಂಜೆ ನನ್ನೆದುರು ಕಾಗದಗಳನ್ನು ಹರಡಿಕೊಂಡು ಕುಳಿತ. ಅವನೂ ಅವನ ಗೆಳೆಯರೂ ಸೇರಿ ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಕಟ್ಟುತ್ತಿದ್ದಾರೆ. ನಕ್ಷತ್ರಗಳ ನಡುವೆ ರಾಜ್ಯಗಳು, ಆ ರಾಜ್ಯಗಳಿಗೆ ನೌಕಾಪಡೆಗಳು, ಗಡಿ ಕಾಯಲು ಶೂನ್ಯದಲ್ಲಿ ಚೆಲ್ಲಿದ ಮೈನುಗಳು. ಎಂದರೆ, ಬಂದವರ ಕೆಳಗೆ ಸಿಡಿಯುವಂತೆ ಮೊದಲೇ ಹುದುಗಿಸಿಟ್ಟ ಗುಂಡುಗಳು. “ತಾತ, ಶತ್ರುವಿನ ಹತ್ತು ನೌಕೆ ಒಟ್ಟಿಗೆ ಒಳಕ್ಕೆ ಬಂದವು ಅಂತ ಇಟ್ಟುಕೊಳ್ಳಿ. ಮೈನು ಯಾವುದನ್ನು ಹೊಡೀಬೇಕು?” ಎಂದು ಕೇಳಿದ.

ಹುಲಿ-ಕುರಿಯಾಟದಿಂದ ಆಚೆಗೆ ಹೋಗದವನು ನಾನು. ಆದರೂ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಅತಿ ದೊಡ್ಡ ನೌಕೆಯನ್ನೇ ಹೊಡೆಯಲಿ ಎಂದರೆ, ಜಾಣನಾದ ಆಟಗಾರ ಒಂದು ದೊಡ್ಡ ಬರಿಯೊಡಲನ್ನು ಹರಕೆಯ ಕುರಿಯಂತೆ ಮುಂದೆ ಅಟ್ಟುತ್ತಾನೆ. ದುರ್ಬಲವಾದುದನ್ನು ಹೊಡೆಯಲಿ ಎಂದರೆ, ನಾಲ್ಕು ಹರಕು ದೋಣಿಗಳ ಮರೆಯಲ್ಲಿ ಯುದ್ಧನೌಕೆ ನಿಶ್ಚಿಂತೆಯಿಂದ ದಾಟಿಬಿಡುತ್ತದೆ. ಚೀಟಿ ಎತ್ತಿದಂತೆ ಯಾವುದಾದರೊಂದನ್ನು ಹೊಡೆಯಲಿ ಎಂದರೂ ಅಷ್ಟೆ, ಅಗ್ಗದ ದೋಣಿಗಳನ್ನು ನೂರಾಗಿ ಕೂಡಿಸಿದವನೇ ಗೆಲ್ಲುತ್ತಾನೆ. ಒಂದೊಂದು ನಿಯಮದ ಹಿಂದೆಯೂ ಅದಕ್ಕೆ ತಕ್ಕ ಒಂದು ಮೋಸ ಕಾದು ಕುಳಿತಿದೆ.

ಹಿಂದಿನವರು ಇದನ್ನು ಹೇಗೆ ಬಗೆಹರಿಸಿದ್ದಾರೆಂದು ಕೇಳಿದೆ. ೧೯೯೫ರಲ್ಲಿ ಹೊರಬಂದ ‘ಸ್ಟಾರ್ಸ್’ ಎಂಬ ಆಟದ ಮಾತು ಹೇಳಿದ. ಅದರಲ್ಲಿ ಸಾಮಾನ್ಯ ಮೈನು ಗುರಿಯನ್ನು ಆರಿಸುವುದೇ ಇಲ್ಲ, ಅವಸರಕ್ಕೆ ದಂಡ ವಿಧಿಸುತ್ತದೆ. ನಾಲ್ಕನೆಯ ವೇಗದವರೆಗೆ ನಿಧಾನವಾಗಿ ಸಾಗುವವನಿಗೆ ಭಯವಿಲ್ಲ. ಅದಕ್ಕೆ ಮೇಲ್ಪಟ್ಟ ಒಂದೊಂದು ಹಂತಕ್ಕೂ, ಕ್ರಮಿಸುವ ಒಂದೊಂದು ಜ್ಯೋತಿರ್ವರ್ಷಕ್ಕೂ ಸಾವಿರಕ್ಕೆ ೩ರಷ್ಟು ಅಪಾಯ. ಒಂಬತ್ತನೆಯ ವೇಗದಲ್ಲಿ ಧಾವಿಸುವವನಿಗೆ ಸಾವಿರಕ್ಕೆ ೧೫. ಲೆಕ್ಕ ನನಗೆ ಹಿಡಿಸಿತು. ಹಿಡಿಸದೆ ಹೋದದ್ದು ಇನ್ನೊಂದು: ಆ ಮೈನು ಹಾಯ್ದುಹೋಗುವ ತನ್ನ ಒಡೆಯನ ನೌಕೆಯನ್ನು ತಡೆಯುವುದಿಲ್ಲ. ಅದು ಬಾವುಟವನ್ನು ಬಲ್ಲದು!

ನಿಜವಾದ ಮೈನಿಗೆ ಬಾವುಟ ತಿಳಿಯದು. ಅದಕ್ಕೆ ತಿಳಿಯುವುದು ಭಾರ, ಕಬ್ಬಿಣ, ಸದ್ದು. ಎರಡನೆಯ ಮಹಾಯುದ್ಧದ ಮೊದಲಲ್ಲಿ ಜರ್ಮನರು ಬ್ರಿಟನ್ನಿನ ಕಡಲಂಚಿನಲ್ಲಿ ಹಾಕಿದ ಮೈನುಗಳು ಹಡಗಿನ ಕಬ್ಬಿಣದ ಕಾಂತಗುಣವನ್ನು ಅರಿತು ಸಿಡಿಯುತ್ತಿದ್ದವು. ೧೯೩೯ರ ನವೆಂಬರಿನಲ್ಲಿ ಅಂಥದೊಂದು ಕೆಸರಿನಲ್ಲಿ ಸಿಕ್ಕಿತು. ನೌಕಾಪಡೆಯವರು ಅದನ್ನು ಬಿಚ್ಚಿ ಗುಟ್ಟು ತಿಳಿದು, ಹಡಗುಗಳ ಸುತ್ತ ವಿದ್ಯುತ್ತಿನ ತಂತಿ ಸುತ್ತಿ ಆ ಗುಣವನ್ನು ಅಡಗಿಸಿದರು. ಆಮೇಲೆ ಎಣಿಸುವ ಮೈನುಗಳೂ ಬಂದವು. ಮೊದಲ ಕೆಲವು ಹಡಗುಗಳನ್ನು ಸುಮ್ಮನೆ ಹೋಗಗೊಟ್ಟು, ದಾರಿ ನಿರ್ಭಯವೆಂದು ನಂಬಿ ಬಂದ ಮುಂದಿನದನ್ನು ಅವು ಹಿಡಿಯುತ್ತಿದ್ದವು. ಇಷ್ಟು ಬುದ್ಧಿ ಕಲಿಸಿದರೂ ಬಂದ ಹಡಗು ಯಾರದೆಂಬುದನ್ನು ಅವಕ್ಕೆ ಕಲಿಸಲಾಗಲಿಲ್ಲ. ಟ್ಯಾಂಕಿಗೆಂದು ಹೂಳುವ ಮೈನು ಮನುಷ್ಯನ ಹೆಜ್ಜೆಗೆ ಸಾಮಾನ್ಯವಾಗಿ ಸಿಡಿಯದಂತೆ ಮಾಡಿರುತ್ತಾರೆ, ದಿಟ. ಆದರೆ ಹುಲ್ಲು ಹೇರಿದ ಎತ್ತಿನ ಗಾಡಿಯ ಗಾಲಿಗೂ ಟ್ಯಾಂಕಿಗೂ ಅದು ಭೇದವೆಣಿಸೀತೆ?

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಊರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ಊರು. ನನಗೆ ಆಗ ಹತ್ತು ವರ್ಷವಿದ್ದೀತು. ತೆನೆ ಹಿರಿದ ರಾಗಿಹೊಲಕ್ಕೆ ರಾತ್ರಿ ಹಂದಿ ಬಿದ್ದು, ಅರ್ಧ ಹೊಲವನ್ನು ತುಳಿದು ಹೋಗುತ್ತಿದ್ದವು. ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದು ಸಾಕಾದ ಚಿಕ್ಕಪ್ಪ ಬೇಲಿಯ ಕಂಡಿಯಲ್ಲಿ ತಂತಿಯ ಉರುಳು ಒಡ್ಡಿದರು. ಒಡ್ಡಿದ ಸಂಜೆ ನನ್ನನ್ನು ಕರೆದೊಯ್ದು, ಆ ಕಂಡಿಯನ್ನು ತೋರಿಸಿ, “ಗ್ಯಾನ ಇಟ್ಕೊ ಕಣ್ಲಾ. ಕತ್ಲಾಗೋಕ್ ಮುಂಚೆ ನಾಯ್ನ ಕಟ್ಟಾಕು” ಎಂದರು. ಮೂರು ರಾತ್ರಿ ಕಟ್ಟಿದೆ. ನಾಲ್ಕನೆಯ ರಾತ್ರಿ ಊರಲ್ಲಿ ನಾಟಕವಿತ್ತು.

ಬೆಳಗ್ಗೆ ಕಂಡಿಯಲ್ಲಿದ್ದುದು ನಮ್ಮ ಕರಿಯ. ಹಂದಿಯ ಕತ್ತಿನ ಎತ್ತರಕ್ಕೆ ಅಳೆದು ಇಟ್ಟ ಉರುಳು ನಾಯಿಯ ಸೊಂಟವನ್ನು ಬಿಗಿದಿತ್ತು. ಚಿಕ್ಕಪ್ಪ ನನ್ನನ್ನು ಬಯ್ಯಲಿಲ್ಲ. ತಂತಿ ಕತ್ತರಿಸಿ, ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ಇಂದಿಗೂ ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ಹಂದಿಗೆಂದು ಒಡ್ಡಿದ ಉರುಳಿಗೆ ಹುಲಿ, ಚಿರತೆ ಬಿದ್ದ ಸುದ್ದಿ ಓದಿದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಹುಲಿಯಲ್ಲ. ಕಾನೂನು ಉರುಳನ್ನು ನಿಷೇಧಿಸಿದೆ, ನಿಷೇಧಿಸಬೇಕಾದದ್ದೇ. ತುಳಿದ ರಾಗಿಯನ್ನು ಬೆಳಗಿನ ಬೆಳಕಿನಲ್ಲಿ ನೋಡಿ ನಿಂತವರ ಮುಖವನ್ನೂ ನಾನು ಕಂಡವನು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ, ನನಗೆ ತೋಚಿದ್ದನ್ನು ತಿಳಿಸಿದೆ. ನಿನ್ನ ಮೈನು ಆರಿಸದಿರಲಿ. ದೊಡ್ಡ ಒಡಲು ಹೆಚ್ಚು ಜಾಗ ತುಂಬುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ತಾಗಲಿ. ಓಡುವವನಿಗೆ ಹೆಚ್ಚು ತಾಗಲಿ. ಅದಕ್ಕೆ ಬಾವುಟ ಮಾತ್ರ ಕಾಣದಿರಲಿ. ತನ್ನವರು ಸುರಕ್ಷಿತವಾಗಿ ದಾಟುವ ಓಣಿ ಎಲ್ಲಿದೆ ಎಂಬ ನಕಾಶೆ ಹಾಕಿದವನ ಬಳಿ ಇರಲಿ. ಅದನ್ನು ನೆನಪಿಟ್ಟುಕೊಳ್ಳುವ ಹೊಣೆಯೂ ಅವನದೇ.

“ಹಾಕಿದೋನು ಸೋತು ಆಟ ಬಿಟ್ಟು ಹೋದ್ರೆ?” ಎಂದ. ಆಗಲೂ ಮೈನು ಇದ್ದಲ್ಲೇ ಇರುತ್ತದೆ ಎಂದೆ. ಭೂಮಿಯ ಮೇಲೆ ಆಗಿರುವುದೂ ಅದೇ. ಯುದ್ಧ ಮುಗಿದು, ಹೂತವರು ಊರಿಗೆ ಮರಳಿ, ನಕಾಶೆ ಕಳೆದುಹೋದ ಮೇಲೆ ಸೌದೆಗೆ ಹೋದವರ, ದನ ಕಾಯುವ ಹುಡುಗರ ಕಾಲಡಿಯಲ್ಲಿ ಅವು ಸಿಡಿದಿವೆ. ಮನುಷ್ಯರನ್ನು ಕೊಲ್ಲಲೆಂದು ಹೂಳುವ ಮೈನುಗಳನ್ನು ನಿಷೇಧಿಸುವ ಒಪ್ಪಂದ ೧೯೯೭ರಲ್ಲಿ ಆಯಿತು, ೧೯೯೯ರ ಮಾರ್ಚಿ ೧ರಂದು ಜಾರಿಗೆ ಬಂತು. ನಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲ. ೨೦೦೧ರ ಕೊನೆಯಲ್ಲಿ ಸಂಸತ್ತಿನ ಮೇಲಿನ ದಾಳಿಯ ಬಳಿಕ ಪಶ್ಚಿಮದ ಗಡಿಯುದ್ದಕ್ಕೂ ರೈತರ ಹೊಲಗಳಲ್ಲಿಯೇ ಅವನ್ನು ಹೂಳಲಾಗಿತ್ತು. ತೆಗೆಯುವಾಗಲೂ ಜೀವಗಳು ಹೋದವು.

ಹುಡುಗ ಬಹಳ ಹೊತ್ತು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕಳೆದ ವಾರ ಫೋನು ಮಾಡಿದ್ದ. ಹೊಸ ನಿಯಮದ ಮೊದಲ ಆಟದಲ್ಲಿಯೇ ಅವನ ಸರಕಿನ ನೌಕೆ ಅವನದೇ ಮೈನಿಗೆ ಸಿಕ್ಕಿತಂತೆ. ಓಣಿಯನ್ನು ಬದಲಿಸಿದ್ದು ಮರೆತಿದ್ದನಂತೆ. ಈ ನಿಯಮ ತೆಗೆದುಬಿಡೋಣವೆಂದು ಗೆಳೆಯರು ದುಂಬಾಲು ಬಿದ್ದಿದ್ದಾರೆ. ಅವನು ಇನ್ನೂ ಒಪ್ಪಿಲ್ಲ.