ಹೂ ಬಿಡುವ ಮರ ಮತ್ತು ಷಿಕಾಗೋದ ಕವಿ

(ಓದಿಗಾಗಿ ಮಲೆನಾಡಿನಿಂದ ಇಳಿದುಬಂದಿರುವ ವಿದ್ಯಾರ್ಥಿಗಳ ಮುಂದೆ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದೂರಿನಲ್ಲಿ ಒಬ್ಬ ಬಡ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಮರವಾಗಬಲ್ಲಳು. ಉಗುರು ತಾಗಿಸದೆ ತಂದ ಒಂದು ಕೊಡ ನೀರನ್ನು ಅಕ್ಕ ಮೈಮೇಲೆ ಸುರಿದರೆ ಅವಳು ಹೂ ತುಂಬಿದ ಮರ. ಎಲೆ ಹರಿಯದಂತೆ, ಟೊಂಗೆ ಮುರಿಯದಂತೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಕನ್ನಡದ ಹೆಂಗಸರು ಹೇಳುತ್ತ ಬಂದ ಈ ಕಥೆಯನ್ನು ಕೇಳಿ ಬರೆದುಕೊಂಡು ಇಂಗ್ಲಿಷಿಗೆ ಕೊಟ್ಟವರು ಎ.ಕೆ. ರಾಮಾನುಜನ್.

ಜಗತ್ತು ಅವರನ್ನು ಅಮೆರಿಕದಲ್ಲಿ ನೆಲೆಸಿದ ಇಂಗ್ಲಿಷ್ ಕವಿಯೆಂದು ಬಲ್ಲದು. ಹುಟ್ಟಿದ್ದು ಮಾತ್ರ ಮೈಸೂರಿನಲ್ಲಿ, 1929ರ ಮಾರ್ಚ್ 16ರಂದು. ತಾಯಿಯೊಡನೆ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಇಂಗ್ಲಿಷ್. ಆ ತಂದೆ ಖಗೋಳವನ್ನೂ ಜ್ಯೋತಿಷ್ಯವನ್ನೂ ಒಟ್ಟಿಗೇ ನಂಬಿದ್ದವರು. ಮಗನನ್ನು ಈ ಒಗಟು ಬಹುಕಾಲ ಕಾಡಿತು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ 1950ರ ದಶಕದಲ್ಲಿಯೇ ಅವರು ಗಾದೆಗಳನ್ನೂ ಕಥೆಗಳನ್ನೂ ಕೂಡಿಹಾಕತೊಡಗಿದ್ದರು. 1959ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಸುಮಾರು ಮೂವತ್ತು ವರ್ಷ ಷಿಕಾಗೋದಲ್ಲಿ ಪಾಠ ಹೇಳಿದರು.

ಅಲ್ಲಿಗೆ ಹೋದ ಹೊಸತರಲ್ಲಿ, 1962ರ ಒಂದು ಶನಿವಾರ, ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಅವರು ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಪಟ್ಟಿಗೆ ಸೇರದೆ ಬಿದ್ದಿದ್ದ ಪೆಟ್ಟಿಗೆಗಳಲ್ಲಿ ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ್ದ ‘ಕುರುಂತೊಗೈ’ ಸಿಕ್ಕಿತು. ಮನೆಮಾತು ತಮಿಳಾಗಿದ್ದವರಿಗೆ ತಮಿಳಿನ ಪ್ರಾಚೀನ ಕಾವ್ಯ ದಕ್ಕಿದ್ದು ಸಾವಿರಾರು ಮೈಲಿ ದೂರದಲ್ಲಿ! ಐದು ವರ್ಷಗಳ ತರುವಾಯ, 1967ರಲ್ಲಿ, ಅವರ ಅನುವಾದ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಪ್ರಕಟವಾಯಿತು.

ಬೆಟ್ಟದವರು ಈ ಪುಸ್ತಕದ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಆ ಪ್ರಾಚೀನ ಕವಿಗಳಿಗೆ ನೆಲವೇ ಭಾವದ ಭಾಷೆ. ಬೆಟ್ಟವೆಂದರೆ ಪ್ರೇಮಿಗಳ ಮಿಲನ, ಅದರ ಹೆಸರು ಕುರಿಂಜಿ. ವರ್ಷಗಟ್ಟಲೆ ಕಾದು ಒಮ್ಮೆಲೇ ಗುಡ್ಡ ತುಂಬುವ ಅದೇ ಹೂವು. ಕಾಡು ತಾಳ್ಮೆಯ ಕಾಯುವಿಕೆ, ಕಡಲತೀರ ಕಳವಳ, ಗದ್ದೆಬಯಲು ದಂಪತಿಗಳ ಮುನಿಸು. ಐದನೆಯದಾದ ಪಾಲೈ ಅಗಲಿಕೆಯ ಬೆಂಗಾಡು. ಆದರೆ ಪಾಲೈ ಬೇರೊಂದು ನೆಲವಲ್ಲ. ಬೆಟ್ಟವೂ ಕಾಡೂ ಬಿಸಿಲಿಗೆ ಬೆಂದು ತಮ್ಮ ಸ್ವಭಾವ ಕಳೆದುಕೊಂಡಾಗ ತಾಳುವ ರೂಪವೇ ಅದು ಎಂದು ‘ಶಿಲಪ್ಪದಿಗಾರಂ’ ಹೇಳುತ್ತದೆ. ಬೋಳಾದ ಗುಡ್ಡವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಂತ ಇಂಗ್ಲಿಷ್ ಕವನಗಳ ಮೊದಲ ಸಂಕಲನ ‘ದಿ ಸ್ಟ್ರೈಡರ್ಸ್’ 1966ರದು. ಹೆಸರು ನೀರಿನ ಮೇಲೆ ಮುಳುಗದೆ ನಡೆದಾಡುವ ಹುಳುವಿನದು. ಕನ್ನಡವನ್ನೂ ಅವರು ಬಿಡಲಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬಂದಿತು. 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಬಸವಣ್ಣ, ದೇವರ ದಾಸಿಮಯ್ಯ, ಅಲ್ಲಮ, ಅಕ್ಕಮಹಾದೇವಿ ಲೋಕಕ್ಕೆಲ್ಲ ಪರಿಚಿತರಾದರು. ಅಕ್ಕನ ಉಡುತಡಿಯೂ ಅಲ್ಲಮನ ಬಳ್ಳಿಗಾವೆಯೂ ಮಲೆನಾಡಿನ ಅಂಚಿನ ಶಿಕಾರಿಪುರದವೇ. ಮೇಳಿಗೆಯ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ಕೊಟ್ಟವರೂ ಇವರೇ. ಅದೇ ವರ್ಷ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್. 1993ರ ಜುಲೈ 13ರಂದು ಷಿಕಾಗೋದಲ್ಲಿ ತೀರಿಕೊಂಡರು.

ಇನ್ನು ಆ ಹುಡುಗಿಯ ಕಥೆ. ರಾಜಕುಮಾರ ಅವಳನ್ನು ಮದುವೆಯಾದ. ಅವನ ತಂಗಿ ಗೆಳತಿಯರ ಮುಂದೆ ಬಲವಂತದಿಂದ ಅವಳನ್ನು ಮರವಾಗಿಸಿದಳು. ಹುಡುಗಿಯರು ಟೊಂಗೆ ಮುರಿದು ಹೂ ಕಿತ್ತರು, ಎರಡನೆಯ ಕೊಡವನ್ನು ಸರಿಯಾಗಿ ಸುರಿಯಲಿಲ್ಲ. ಕೈಕಾಲಿಲ್ಲದೆ, ಅತ್ತ ಮರವೂ ಅಲ್ಲದೆ ಇತ್ತ ಹೆಣ್ಣೂ ಅಲ್ಲದೆ ಅವಳು ಉಳಿದಳು. ಹೆಣ್ಣು ತನ್ನ ಚೈತನ್ಯವನ್ನು ಪರರ ಕೈಗೆ ಒಪ್ಪಿಸುವಾಗಿನ ಅಪಾಯವನ್ನು ರಾಮಾನುಜನ್ ಇದರಲ್ಲಿ ಕಂಡರು; ಮರಕ್ಕಾದ ಗಾಯವನ್ನೂ ಅದರಿಂದ ಬೇರೆಯಾಗಿ ನೋಡಲಿಲ್ಲ.

ಈ ಕಥೆಯ ಹೆಸರನ್ನೇ ಹೊತ್ತ ಅವರ ಕನ್ನಡ ಜನಪದ ಕಥೆಗಳ ಪುಸ್ತಕ ‘ಎ ಫ್ಲವರಿಂಗ್ ಟ್ರೀ’ 1997ರಲ್ಲಿ, ಅವರ ಮರಣಾನಂತರ, ಹೊರಬಂದಿತು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದೇ ಕಥೆಯನ್ನು ಸಂಗೀತನಾಟಕವಾಗಿಸಿ ವಿಯೆನ್ನಾದಲ್ಲಿ ಮೊದಲು ಆಡಿಸಿದರು. ರಜೆಗೆ ಊರಿಗೆ ಹೋದಾಗ ಅಜ್ಜಿಯರನ್ನು ಕೇಳಿ ನೋಡಿ; ಅವರು ಹೇಳುವ ಕಥೆ ಬೇರೆಯಾಗಿದ್ದರೆ ಅದನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಪುಸ್ತಕದಲ್ಲಿರುವ ಕಥೆಯ ಕೊನೆಯಲ್ಲಿ ಗಂಡ ಅವಳನ್ನು ಗುರುತಿಸುತ್ತಾನೆ, ಮೊದಲ ಕೊಡ ಸುರಿಯುತ್ತಾನೆ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟುತ್ತಾನೆ, ಆಮೇಲೆ ಎರಡನೆಯ ಕೊಡವನ್ನು ಎತ್ತಿಕೊಳ್ಳುತ್ತಾನೆ.